ಹುಲ್ಲಿನ ಸೀಮೆ

ಚಳ್ಳಕೆರೆ–ಮೊಳಕಾಲ್ಮುರಿನ ಅಮೃತ ಮಹಲ್ ಕಾವಲುಗಳು: ದೇವರ ಎತ್ತು, ಕೃಷ್ಣಮೃಗ, ಎರೆಭೂತ ಮತ್ತು ಅವುಗಳೊಂದಿಗೆ ಬಾಳಿದ ಹಟ್ಟಿಗಳು

2024ರ ಜೂನ್ 23, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಚಳ್ಳಕೆರೆಯ ಆಕಾಶದಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ‘ಪುಷ್ಪಕ್’ ಎಂಬ ರೆಕ್ಕೆಯ ವಾಹನವನ್ನು ಕಳಚಿ ಬಿಟ್ಟಿತು. ಚಾಲಕನಿಲ್ಲದ ಆ ವಾಹನ ಗಾಳಿಗೆ ಎದೆಗೊಟ್ಟು, ತನ್ನ ದಾರಿ ತಾನೇ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ ನಿಂತಿತು. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಇಂಥದೇ ಪ್ರಯೋಗ ನಡೆದದ್ದೂ ಇಲ್ಲೇ. ಇಸ್ರೋ ವಿಜ್ಞಾನಿಗಳ ಈ ಸಾಧನೆ ಯಾರಿಗಾದರೂ ಹೆಮ್ಮೆ ತರುವಂಥದ್ದು. ಅಂದಿನ ಸುದ್ದಿ ಓದುವಾಗ ನನ್ನ ಮನಸ್ಸು ಮಾತ್ರ ಆ ಓಡುಹಾದಿ ಹಾಸಿಕೊಂಡಿರುವ ನೆಲದ ಕಡೆಗೆ ಹೋಯಿತು. ಅದು ವರವು ಕಾವಲು. ಎಷ್ಟೋ ತಲೆಮಾರು ದನ-ಕುರಿ ಮೇಯಿಸಿದ, ಕೃಷ್ಣಮೃಗಗಳು ಮರಿ ಹಾಕಿದ, ಸರ್ಕಾರಿ ಕಡತದಲ್ಲೂ ಹುಲ್ಲಿಗೆಂದೇ ಮೀಸಲಾಗಿದ್ದ ಬಯಲು.

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಈ ಎರಡು ತಾಲ್ಲೂಕುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರೇ ಹೆಚ್ಚು. ಹಿರಿಯೂರು ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಚಳ್ಳಕೆರೆ, ತಳಕು, ಬಿ.ಜಿ. ಕೆರೆ, ಹಾನಗಲ್, ರಾಂಪುರ ಒಂದರ ಹಿಂದೊಂದು ಬರುತ್ತವೆ. ಎರಡೂ ಕಡೆ ಕೆಂಪು ನೆಲ, ದುಂಡು ಕಲ್ಲುಗುಡ್ಡ, ಜಾಲಿ, ದೂರಕ್ಕೆ ಒಂಟಿ ಮರ. ಬೇಸಿಗೆಯಲ್ಲಿ ಹೋದವರು ‘ಏನೂ ಇಲ್ಲದ ಸೀಮೆ’ ಎಂದುಕೊಂಡು ಕಣ್ಣು ಮುಚ್ಚುತ್ತಾರೆ. ಈ ಸೀಮೆಗೆ ಆದ ಅನ್ಯಾಯಗಳೆಲ್ಲ ಆ ಮಾತಿನಿಂದಲೇ ಶುರುವಾಗಿವೆ ಎಂದು ನಾನು ನಂಬಿದ್ದೇನೆ.

ಮರ ಕಡಿದು ಆದ ಬಯಲಲ್ಲ

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದೇ ರಾಜ್ಯದ ಚಳ್ಳಕೆರೆಯಲ್ಲಿ ಒಳ್ಳೆಯ ವರ್ಷ ಬಂದರೂ ಐನೂರು ಮಿಲಿಮೀಟರಿನ ಆಸುಪಾಸು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿ ಬರಿದಾಗಿ ಇಲ್ಲಿಗೆ ಗಾಳಿಯಷ್ಟೇ ಬರುತ್ತದೆ. ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಿನದು. ಅದೂ ಒಂದು ಹಳ್ಳಿಗೆ ಬಿದ್ದು ಪಕ್ಕದ ಹಳ್ಳಿಗೆ ಬೆನ್ನು ಮಾಡುವ ಮಳೆ. ಮಾರಿಕಣಿವೆಯ ವಾಣಿ ವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಲು 2022ರವರೆಗೆ ಕಾಯಬೇಕಾಯಿತು ಎಂದರೆ ವೇದಾವತಿ ಸೀಮೆಯ ನೀರಿನ ಲೆಕ್ಕ ತಿಳಿದೀತು.

ಇಂಥ ಹವೆಯಲ್ಲಿ ದಟ್ಟ ಕಾಡು ಬೆಳೆಯುವುದಿಲ್ಲ, ಬೆಳೆಯಬೇಕಾಗಿಯೂ ಇಲ್ಲ. ಇಲ್ಲಿ ನೆಲದ ಒಡೆತನ ಹುಲ್ಲಿನದು. ನಡುನಡುವೆ ತುಗ್ಗಲಿ, ಕಮರ, ಜಾಲಿ, ಕಾರೆ, ಬಾರೆ, ತಂಗಡಿ. ಜೀವವಿಜ್ಞಾನಿಗಳು ಇದನ್ನು ಸವನ್ನಾ ಎನ್ನುತ್ತಾರೆ. ಹುಲ್ಲುಗಾವಲೆಂದರೆ ಮನುಷ್ಯ ಕಾಡು ಕಡಿದು ಹಾಳುಮಾಡಿದ ಮೇಲೆ ಉಳಿದ ಜಾಗ ಎಂದು ಬಹುಕಾಲ ನಮ್ಮ ಪಠ್ಯಗಳೂ ಅರಣ್ಯ ಯೋಜನೆಗಳೂ ನಂಬಿದ್ದವು. ಕಳೆದ ಎರಡು ದಶಕಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಸೇರಿದಂತೆ ಹಲವು ಸಂಸ್ಥೆಗಳ ಸಂಶೋಧಕರು ಆ ನಂಬಿಕೆಯನ್ನು ತಿದ್ದಿದ್ದಾರೆ. ಭಾರತದ ಸವನ್ನಾಗಳು ಮನುಷ್ಯ ಇಲ್ಲಿಗೆ ಕಾಲಿಡುವುದಕ್ಕೆ ಲಕ್ಷಾಂತರ ವರ್ಷ ಮೊದಲೇ ಇದ್ದವು. ಬಿಸಿಲಿಗೆ, ಬರಕ್ಕೆ, ಮೇವಿಗೆ, ಬೆಂಕಿಗೆ ಹೊಂದಿಕೊಂಡೇ ಈ ಹುಲ್ಲುಗಳು ರೂಪುಗೊಂಡಿವೆ. ಮೇಲೆ ಒಣಗಿ ಹೋದರೂ ಬೇರು ಸಾಯುವುದಿಲ್ಲ. ಕಾಡು ತನ್ನ ಇಂಗಾಲದ ಬಹುಪಾಲನ್ನು ಕಾಂಡ-ಕೊಂಬೆಗಳಲ್ಲಿ ಇಟ್ಟರೆ, ಹುಲ್ಲುಗಾವಲು ಅದನ್ನು ಮಣ್ಣಿನೊಳಗೆ ಇಡುತ್ತದೆ. ಕಿಚ್ಚು ಬಿದ್ದರೂ ಆ ಗಂಟಿಗೆ ಧಕ್ಕೆಯಿಲ್ಲ, ನೇಗಿಲು ಹೊಡೆದರೆ ಮಾತ್ರ ಹೋಯಿತು.

ಕಾವಲಿನಲ್ಲಿ ನಡೆದು ಬಂದವರ ಪಂಚೆ, ಸೀರೆಯಂಚಿಗೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜವನ್ನು ಗಮನಿಸಿದ್ದೀರಾ? ಅದಕ್ಕೆ ಹುರಿಗೊಂಡ ಉದ್ದನೆಯ ಬಾಲವಿದೆ. ಮೊದಲ ಮಳೆಗೆ ನೆನೆದಾಗ ಆ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತಾ ತಿರುಗುತ್ತಾ ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದು ನೆಟ್ಟುಕೊಳ್ಳುತ್ತದೆ. ಬಿತ್ತುವವನಿಲ್ಲ, ನೀರು ಹಾಯಿಸುವವನಿಲ್ಲ. ಕುರಿಯ ಉಣ್ಣೆಗೆ ಅಂಟಿದ ಬೀಜವಂತೂ ಊರೂರು ತಿರುಗುತ್ತದೆ. ಈ ನೆಲ ತನ್ನನ್ನು ತಾನು ಬೆಳೆದುಕೊಳ್ಳುವ ಬಗೆ ಇದು. ‘ಬಂಜರು’ ಎಂಬ ಕಾಲಂ ಅಡಿ ಇದನ್ನು ಬರೆದವರು ಒಂದು ಮಳೆಗಾಲ ಇಲ್ಲಿ ಕಳೆದಿದ್ದರೆ ಬೇರೆ ಕಾಲಂ ಹುಡುಕುತ್ತಿದ್ದರು.

ಬೆಣ್ಣೆ ಚಾವಡಿಯ ಕಾಲದಿಂದ

ಈ ಹುಲ್ಲಿನ ಬೆಲೆ ರಾಜರಿಗೆ ಗೊತ್ತಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ಹಸುಗಳ ಹಿಂಡಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನೇ ಕಟ್ಟಿ, ರಾಜ್ಯದುದ್ದಕ್ಕೂ ಕಾವಲುಗಳನ್ನು ಗೊತ್ತುಮಾಡಿದರು. ಹೈದರಾಲಿ ಹಿಂಡನ್ನು ಬೆಳೆಸಿದ. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗ ಸೀಮೆಯ ದನಗಳಿಂದ ರೂಪುಗೊಂಡ ಈ ತಳಿ ಫಿರಂಗಿ ಎಳೆಯುವುದರಲ್ಲಿ, ದಣಿವಿಲ್ಲದೆ ನಡೆಯುವುದರಲ್ಲಿ ಹೆಸರು ಮಾಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಪಾಲಾಯಿತು. ಆರ್ಥರ್ ವೆಲ್ಲೆಸ್ಲಿ ತನ್ನ ದಂಡಯಾತ್ರೆಗಳಲ್ಲಿ ಈ ಎತ್ತುಗಳನ್ನೇ ನೆಚ್ಚಿಕೊಂಡಿದ್ದ. ಖರ್ಚು ಹೆಚ್ಚೆಂದು 1860ರಲ್ಲಿ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿದರು. ಸೈನ್ಯಕ್ಕೆ ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ತೆರೆದರು.

ಆಗಿನ ಏರ್ಪಾಟಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಕಾವಲುಗಳ ವಿಂಗಡಣೆ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಮೂರು ಬಗೆ. ಕೆರೆ-ಹಳ್ಳ ಹತ್ತಿರವಿದ್ದು ನೆರಳು ಇರುವುದು ಬೇಸಿಗೆಗೆ, ತೆರೆದ ಬಯಲು ಮಳೆಗಾಲಕ್ಕೆ. ಹಿಂಡಿನ ಉಸ್ತುವಾರಿ ಹೊತ್ತ ಸೇರ್ವೆಗಾರರು ದನಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಮೇದ ಹುಲ್ಲಿಗೆ ಚಿಗುರಲು ಬಿಡುವು ಸಿಗುತ್ತಿತ್ತು. ಇವತ್ತು ಪಶುವಿಜ್ಞಾನದ ಪುಸ್ತಕಗಳು ಸರದಿ ಮೇವು ಎಂದು ಕಲಿಸುವುದನ್ನು ಮುನ್ನೂರು ವರ್ಷ ಹಿಂದೆ ಇಲ್ಲಿ ಆಡಳಿತದ ನಿಯಮವಾಗಿಯೇ ನಡೆಸಿದ್ದರು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಬಂತು. ಕಾವಲುಗಳು ತುಂಡುತುಂಡಾಗಿ ಹಂಚಿಹೋಗತೊಡಗಿದವು. ಚಳ್ಳಕೆರೆ ಶೇಂಗಾದ ನಾಡಾಯಿತು, ಎಣ್ಣೆ ಗಿರಣಿಗಳಿಂದ ‘ಎಣ್ಣೆ ನಗರ’ ಎನಿಸಿಕೊಂಡಿತು. ಬಡವರಿಗೆ ಭೂಮಿ ಸಿಕ್ಕಿತು ಎಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಳೆ ಕೈಕೊಟ್ಟ ವರ್ಷ ಅದೇ ಶೇಂಗಾ ಹೊಲದ ಕೆಂಪು ಮಣ್ಣು ಆಷಾಢದ ಗಾಳಿಗೆ ಹಾರಿಹೋದದ್ದೂ ಅಷ್ಟೇ ನಿಜ. ಪಕ್ಕದ ಕಾವಲಿನಲ್ಲಿ ಹುಲ್ಲು ಆ ಮಣ್ಣನ್ನು ಹಿಡಿದು ಕೂತಿರುತ್ತಿತ್ತು.

ರೊಪ್ಪದೊಳಗೆ ಬರಿಗಾಲು

ದನ ಸಾಕಿ ಬಾಳುವ ಮ್ಯಾಸಬೇಡರ ಹಟ್ಟಿಗೆ ಹೋದವರು ಮೊದಲು ಕಾಣುವುದು ದೇವರ ಎತ್ತುಗಳ ರೊಪ್ಪವನ್ನು. ಚಳ್ಳಕೆರೆ-ಮೊಳಕಾಲ್ಮುರು ಸೀಮೆಯ ನನ್ನಿವಾಳ, ಬೋಸೆದೇವರಹಟ್ಟಿ, ದೊಡ್ಡಉಳ್ಳಾರ್ತಿ ಮೊದಲಾದ ಊರುಗಳ ಸುತ್ತ ಇಂಥ ರೊಪ್ಪಗಳಿವೆ. ಒಳಗಿರುವ ದನಗಳು ಯಾರ ಮನೆಯವೂ ಅಲ್ಲ. ಅವು ಬೋಸೆದೇವರಿಗೋ, ಗಾದ್ರಿ ಪಾಲನಾಯಕನಿಗೋ, ಕುಲದ ಇನ್ನೊಂದು ದೈವಕ್ಕೋ ಸೇರಿದವು. ಹರಕೆ ಹೊತ್ತವರು ಒಪ್ಪಿಸಿದ ಕರುಗಳೂ, ಹಿಂಡಿನಲ್ಲೇ ಹುಟ್ಟಿದವೂ ಅಲ್ಲಿ ಒಟ್ಟಿಗೆ ಬೆಳೆಯುತ್ತವೆ. ಇವಕ್ಕೆ ನೊಗ ಹೂಡುವಂತಿಲ್ಲ. ಹಾಲನ್ನು ಮಾರುವಂತಿಲ್ಲ. ಕಿಲಾರಿ ಎಂಬ ದನಗಾಹಿ ರೊಪ್ಪದೊಳಕ್ಕೆ ಬರಿಗಾಲಿನಲ್ಲೇ ಹೋಗುತ್ತಾನೆ. ಹಬ್ಬದ ದಿನ ಎತ್ತುಗಳನ್ನು ಸಿಂಗರಿಸಿ ಓಡಿಸುತ್ತಾರೆ. ಒಂದು ಎತ್ತು ಸತ್ತರೆ ಮನೆಯ ಹಿರಿಯರಿಗೆ ಮಾಡುವಂತೆ ಶಾಸ್ತ್ರ ಮಾಡಿ ಮಣ್ಣು ಮಾಡುತ್ತಾರೆ.

ಈ ಹಿಂಡುಗಳನ್ನು ಕಟ್ಟಿಹಾಕಿ ಮೇಯಿಸಲು ಆಗುವುದಿಲ್ಲ. ಅರೆಗಾಡು ಸ್ವಭಾವದ, ಎತ್ತರದ ಕೊಂಬಿನ, ಹೊಸಬರನ್ನು ಕಂಡರೆ ಮೂಗರಳಿಸುವ ಈ ನಾಟಿ ದನಗಳಿಗೆ ಓಡಾಡಲು ಬಯಲೇ ಬೇಕು. ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ಕಿಲಾರಿಗಳು ಹಿಂಡನ್ನು ಹೊಡೆದುಕೊಂಡು ಹೋಗುತ್ತಾರೆ, ಹುಲ್ಲು ಮುಗಿದಾಗ ಮರಳುತ್ತಾರೆ. ಅಂದರೆ ಅರಮನೆಯ ಅಮೃತ ಮಹಲ್ ಮಾಡುತ್ತಿದ್ದ ಕೆಲಸವನ್ನು ಹಟ್ಟಿಗಳೂ ತಮ್ಮ ದೈವದ ಹೆಸರಿನಲ್ಲಿ ಮಾಡುತ್ತಲೇ ಬಂದಿವೆ. ಅಪರೂಪದ ನಾಟಿ ತಳಿಯ ರಕ್ತವನ್ನು ಸಂಬಳ, ಅನುದಾನ ಯಾವುದೂ ಇಲ್ಲದೆ ಕಾಪಾಡಿದ ಸಂರಕ್ಷಕರು ಇವರು. ಬರಗಾಲದ ವರ್ಷಗಳಲ್ಲಿ ಈ ಎತ್ತುಗಳ ಪಕ್ಕೆಲುಬು ಎಣಿಸುವಂತಾಗಿ, ದಾನಿಗಳು ಲಾರಿಯಲ್ಲಿ ಮೇವು ತಂದು ಹಾಕಿದ್ದುಂಟು. ಆ ಕರುಣೆ ದೊಡ್ಡದು. ಮೇವಿನ ಲಾರಿ ಬರಬೇಕಾದ ಸ್ಥಿತಿ ಏಕೆ ಬಂತು ಎಂದು ಕೇಳಿದರೆ ಉತ್ತರ ಕಾವಲಿನ ನಕ್ಷೆಯಲ್ಲಿದೆ.

ಮ್ಯಾಸಬೇಡರಲ್ಲಿ ಇನ್ನೂ ಕೆಲವು ಕಟ್ಟಳೆಗಳಿವೆ. ಕೋಳಿ, ಹಂದಿ ಮುಟ್ಟುವುದಿಲ್ಲ. ಈಚಲು ಮರ ಕಡಿಯುವುದಿಲ್ಲ, ಹೆಂಡ ಕುಡಿಯುವುದಿಲ್ಲ. ಹಳ್ಳದ ದಂಡೆಯ ಈಚಲು ಪೊದೆಗಳು ಉಳಿದಿದ್ದರೆ ಆ ಕಟ್ಟಳೆಗೂ ಅದರಲ್ಲಿ ಪಾಲಿದೆ.

ಕಾಡುಗೊಲ್ಲರದು ಇನ್ನೊಂದು ಲೋಕ. ಅವರ ಹಟ್ಟಿಯ ಸುತ್ತ ಮುಳ್ಳಿನ ಬೇಲಿ. ಹಿಂದೆಲ್ಲ ಬಾದೆ ಹುಲ್ಲು ಹೊದಿಸಿದ ಗುಡ್ಲು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಇವರ ದೈವಗಳು. ಎಲ್ಲರೂ ದನ ಕಾಯ್ದವರು. ಜುಂಜಪ್ಪನ ಕಾವ್ಯವನ್ನು ಗಣೆ ಎಂಬ ಕೊಳಲು ಊದುತ್ತಾ ರಾತ್ರಿಯಿಡೀ ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿ ಬಳಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ದೇವರಿಗೆ ಬಾರೆ ಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ಅದರ ನೆತ್ತಿಯ ಕಳಸವನ್ನು ಇಳಿಸಲು ಗಂಡಾಳುಗಳು ಬರಿಗಾಲಲ್ಲಿ, ಬರಿಮೈಯಲ್ಲಿ ಮುಳ್ಳು ತುಳಿದು ಏರುತ್ತಾರೆ. ಈ ಕುರುಚಲು ಸೀಮೆಯನ್ನು ಇಷ್ಟು ಆಪ್ತವಾಗಿ ಮೈಗೆ ತಂದುಕೊಂಡ ಆಚರಣೆ ಬೇರೆಲ್ಲೂ ಇರಲಾರದು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ಅವರ ಸಂಗ್ರಹದಿಂದ ಆ ಭಂಡಾರ ನಾಡಿಗೆ ತೆರೆಯಿತು. ಹಟ್ಟಿಗಳನ್ನು ಹೊಗಳುವಾಗ ಒಂದು ಮಾತನ್ನು ನುಂಗಿಕೊಳ್ಳಬಾರದು: ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ಪದ್ಧತಿ ಇಲ್ಲಿ ಎಷ್ಟೋ ಜೀವಗಳಿಗೆ ಸಂಕಟ ತಂದಿದೆ. ಹಟ್ಟಿಯ ಹೆಣ್ಣುಮಕ್ಕಳೇ ಓದಿ ಬಂದು ಅದನ್ನು ಪ್ರಶ್ನಿಸುತ್ತಿದ್ದಾರೆ, ಅವರ ದನಿ ಗೆಲ್ಲಬೇಕು.

ಕುರುಬರ ಕುರಿಮಂದೆಗಳಿಲ್ಲದೆ ಕಾವಲಿನ ಚಿತ್ರ ಪೂರ್ತಿಯಾಗದು. ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ತರುಬಿಸಿದರೆ ರೈತನಿಗೆ ಗೊಬ್ಬರ, ಕುರಿಗಾಹಿಗೆ ಕಾಳು-ಕಾಸು. ದಖನಿ ಕುರಿಯ ಕರಿ ಉಣ್ಣೆಯನ್ನು ಹೆಂಗಸರು ನೂತು, ಗಂಡಸರು ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿಮಾಡಿದ ಚಳ್ಳಕೆರೆಯ ಕಂಬಳಿ ಮಳೆಗೂ ಬಿಸಿಲಿಗೂ ಹೊದಿಕೆ. ಮಾಂಸಕ್ಕೆ ಬೆಲೆ ಬಂದ ಮೇಲೆ ಉಣ್ಣೆಯಿಲ್ಲದ ಕುರಿಗಳು ಮಂದೆಗೆ ನುಗ್ಗಿ, ಕರಿ ಕುರಿ ಕಡಿಮೆಯಾಗಿ, ಮಗ್ಗಗಳಿಗೆ ನೂಲು ಸಾಲದಾಗಿದೆ. ಮೊಳಕಾಲ್ಮುರು ಎಂದರೆ ನಾಡಿಗೆ ನೆನಪಾಗುವುದು ಭೌಗೋಳಿಕ ಮಾನ್ಯತೆ ಪಡೆದ ರೇಷ್ಮೆ ಸೀರೆ. ಪಕ್ಕದ ತಾಲ್ಲೂಕಿನ ಕಂಬಳಿಗೂ ಅಷ್ಟೇ ಗೌರವ ಸಲ್ಲಬೇಕು.

ಕಣ್ಣಿಗೆ ಕಾಣುವ, ಕಾಣದಾದ ಜೀವಗಳು

ಬಯಲಿನ ಪ್ರಾಣಿಗಳಿಗೆ ಅಡಗುವ ಕಲೆಗಿಂತ ದೂರ ನೋಡುವ ಕಣ್ಣು ಮುಖ್ಯ. ಕೃಷ್ಣಮೃಗ ಅಪಾಯವನ್ನು ದೂರದಿಂದಲೇ ಕಂಡು ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಆ ಓಟಕ್ಕೆ ತೆರೆದ ನೆಲ ಬೇಕು. ಬೆಳೆದ ಗಂಡು ಕಪ್ಪು-ಬಿಳುಪು ಮೈ, ಹುರಿಗೊಂಡ ಕೊಂಬು ಹೊತ್ತು ತನ್ನ ಗಡಿ ಕಾಯುತ್ತಾ ನಿಂತದ್ದನ್ನು ಕುದಾಪುರ, ಉಳ್ಳಾರ್ತಿ ಕಡೆಯವರು ದಿನವೂ ಕಾಣುತ್ತಿದ್ದರು. ತಾಯಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಹೋಗಿ ಮೇಯುತ್ತದೆ. ಮರಿ ಅಲುಗಾಡದೆ ಬಿದ್ದಿರುತ್ತದೆ. ಹುಲ್ಲು ಮೊಳಕಾಲುದ್ದ ಇರದಿದ್ದರೆ ಆ ಮರಿಗೆ ಬದುಕಿಲ್ಲ. ಸುತ್ತಲ ಹೊಲಗಳಲ್ಲಿ ಶೇಂಗಾ ತಿಂದು ಕೃಷ್ಣಮೃಗ ರೈತರ ಕೋಪಕ್ಕೂ ಗುರಿಯಾಗುತ್ತದೆ. ಆ ಕೋಪದಲ್ಲಿ ಸುಳ್ಳಿಲ್ಲ. ಮೇಯುವ ಬಯಲು ಕುಗ್ಗಿದಷ್ಟೂ ಅದು ಹೊಲಕ್ಕೆ ಇಳಿಯುವುದು ಹೆಚ್ಚಾಗುತ್ತದೆ, ನಷ್ಟ ಹೊರುವವನು ಎರಡೆಕರೆಯ ಒಡೆಯ.

ತೋಳ ಇನ್ನೂ ಇದೆ. ಕುರಿಗಾಹಿಗೆ ಅದು ಹಗೆ, ಆದರೂ ಅವನ ಜೊತೆಜೊತೆಗೇ ಬದುಕಿದ ಹಗೆ. ಹುಲಿಗೆ, ಆನೆಗೆ ಸಿಕ್ಕಷ್ಟು ಅಭಯಾರಣ್ಯಗಳು ತೋಳಕ್ಕೆ ಸಿಗಲಿಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಬಂದದ್ದು ತೀರಾ ಈಚೆಗೆ. ನರಿ, ಕತ್ತೆಕಿರುಬ, ಕಲ್ಲುಗೌಜಲು, ನೆಲಗುಬ್ಬಿ, ಹಳದಿ ಟಿಟ್ಟಿಭ ಎಲ್ಲ ಈ ನೆಲದ ಮಕ್ಕಳು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸೆಳೆವ ಎಂಬ ಬೇಟೆಹಕ್ಕಿಗಳು ಬಂದು ದಖನಿನ ಬಯಲುಗಳಲ್ಲಿ ಮಿಡತೆ, ಇಲಿ ಹುಡುಕುತ್ತಾ ನೆಲಕ್ಕೆ ಸವರಿಕೊಂಡು ಹಾರುತ್ತವೆ, ರಾತ್ರಿ ಹುಲ್ಲಿನ ನಡುವೆ ನೆಲದಲ್ಲೇ ಮಲಗುತ್ತವೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ಇಳಿಯಲು ಹುಲ್ಲೇ ಇಲ್ಲವಾದರೆ ಅದರ ಲೆಕ್ಕ ಕಜಾಕಸ್ತಾನದಲ್ಲೂ ತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡ ನೋವು ಎರೆಭೂತದ್ದು. ಬಳ್ಳಾರಿ ಕಡೆ ಎರ್ಲಡ್ಡು ಎಂದೂ ಕರೆಯುವ ಈ ಹಕ್ಕಿ ಒಂದು ಮೀಟರ್ ಎತ್ತರ. ಗಂಡು ಹದಿನೈದು ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲೇ ಇದು ಅತಿ ಭಾರದವುಗಳ ಸಾಲಿನದು. ಪಕ್ಷಿತಜ್ಞ ಸಲೀಂ ಅಲಿ ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಬಯಸಿದ್ದರು. ಹೆಣ್ಣು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದ ಮೇಲೆ. ಒಂದು ನಾಯಿ, ಒಂದು ಟ್ರ್ಯಾಕ್ಟರ್ ಸಾಕು, ಆ ವರ್ಷದ ಸಂತಾನ ಮುಗಿಯಿತು. ಇದರ ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಎದುರಿಗಿರುವ ತಂತಿ ತಡವಾಗಿ ಕಾಣುತ್ತದೆ, ಭಾರದ ಮೈ ಥಟ್ಟನೆ ತಿರುಗುವುದಿಲ್ಲ. ಹೈಟೆನ್ಷನ್ ತಂತಿಗೆ ಬಡಿದು ಸಾಯುವುದು ಇಂದು ಇದರ ಬಹುದೊಡ್ಡ ಗಂಡಾಂತರ. ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತ್‌ಗಳಿಗೆ ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿತು.

ಇಡೀ ಜಗತ್ತಿನ ಬಯಲುಗಳಲ್ಲಿ ಈಗ ಉಳಿದಿರುವ ಎರೆಭೂತಗಳು ಸುಮಾರು ನೂರೈವತ್ತಕ್ಕಿಂತ ಹೆಚ್ಚಿಲ್ಲ. ಬಹುಪಾಲು ರಾಜಸ್ಥಾನದ ಜೈಸಲ್ಮೇರ್‌ನಲ್ಲಿ. ಕರ್ನಾಟಕದಲ್ಲಿ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಸಿರುಗುಪ್ಪ ಮೊಳಕಾಲ್ಮುರಿಗೆ ದೂರವಲ್ಲ. ಈ ಹಕ್ಕಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. 1974ರಲ್ಲಿ ಕೃಷ್ಣಮೃಗಗಳಿಗಾಗಿ ರಾಣೆಬೆನ್ನೂರು ಅಭಯಾರಣ್ಯವಾಯಿತು. ಅಲ್ಲಿ ಎರೆಭೂತವೂ ಇತ್ತು. ಬಯಲಿನ ಬಹುಭಾಗವನ್ನು ನೀಲಗಿರಿ ತೋಪು ಆವರಿಸಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರೆಭೂತ ಕಣ್ಮರೆಯಾಯಿತು. ಗಿಡ ನೆಡುವುದು ಎಲ್ಲೆಡೆಯೂ ಪುಣ್ಯ ಎಂದು ನಂಬಿದವರು ಈ ಕತೆಯನ್ನು ಓದಲೇಬೇಕು. ಇದರ ಸೋದರಿಯಂತಿರುವ ಲೆಸ್ಸರ್ ಫ್ಲೋರಿಕನ್ ಹಕ್ಕಿಯೂ 2021ರಿಂದ ತೀವ್ರ ಅಳಿವಿನಂಚಿನ ಪಟ್ಟಿ ಸೇರಿದೆ.

ಗೋಡೆ ಎದ್ದ ಮೇಲೆ

2007ರಿಂದ 2010ರ ನಡುವೆ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಬೇರೆ ಕೈಗಳಿಗೆ ಹೋಯಿತು. ಅದರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ, ಬಹುಪಾಲು ವರವು ಕಾವಲಿನಲ್ಲಿ, 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಉಳ್ಳಾರ್ತಿಯಲ್ಲಿ ಸುಮಾರು 1,800, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500, ಇಸ್ರೋಗೆ 573. ಸುತ್ತಲ ಹತ್ತಾರು ಹಳ್ಳಿಗಳ ಬಹಳ ಮಂದಿಗೆ ಇದು ತಿಳಿದದ್ದು ಗೋಡೆಯ ಕಲ್ಲು ಬಂದು ಬಿದ್ದಾಗ. ದನ ಹೊಡೆದುಕೊಂಡು ಹೋಗುವ ದಾರಿ ಮುಚ್ಚಿತು. ಕೆಲವು ಗುಡಿಗಳು, ನೀರಿನ ತಾಣಗಳು ಒಳಗೆ ಉಳಿದವು. ಕುರಿ ಮಾರಿದವರು, ಕೂಲಿಗೆ ಬೆಂಗಳೂರು ಸೇರಿದವರು ಹಟ್ಟಿಹಟ್ಟಿಯಲ್ಲಿ ಸಿಗುತ್ತಾರೆ.

ಬೆಂಗಳೂರಿನ ಎನ್‌ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಮತ್ತು ಅದರ ಲಿಯೋ ಸಲ್ಡಾನಾ ಈ ವಿಷಯವನ್ನು ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದರು. 2013ರಲ್ಲಿ ಸತ್ಯಶೋಧನಾ ಸಮಿತಿ ಸ್ಥಳಕ್ಕೆ ಬಂದಿತು. ಕಾವಲುಗಳು ಕರ್ನಾಟಕ ಅರಣ್ಯ ನಿಯಮಗಳ ವ್ಯಾಪ್ತಿಗೆ ಸೇರಿದವು, ಅವುಗಳನ್ನು ಅರಣ್ಯವೆಂದೇ ಕಾಣಬೇಕು ಎಂಬುದು ಅರ್ಜಿದಾರರ ಮುಖ್ಯ ವಾದ. 2014ರ ಆಗಸ್ಟ್ 27ರಂದು ತೀರ್ಪು ಬಂತು. ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿದವು. 2017ರ ಮೇ 28ರಂದು ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು.

ದೇಶಕ್ಕೆ ಪ್ರಯೋಗಾಲಯ ಬೇಕು, ಓಡುಹಾದಿ ಬೇಕು. ಆದರೆ ಜಾಗ ಹುಡುಕುವಾಗ ಈ ಬಯಲು ಅಷ್ಟು ಸುಲಭವಾಗಿ ಒದಗಿದ್ದು ಕಾಗದದಲ್ಲಿ ಅದು ಖಾಲಿ ಎಂದು ಕಂಡದ್ದರಿಂದ. ಅಷ್ಟೇ ವಿಸ್ತಾರದ ಒಂದು ಶೋಲಾ ಕಾಡನ್ನೋ ಅಡಿಕೆ ತೋಟವನ್ನೋ ಹೀಗೆ ಕೊಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಗೋಡೆಯೊಳಗೆ ಕೃಷ್ಣಮೃಗ ಸುರಕ್ಷಿತ ಎಂಬ ಮಾತು ಕೇಳಿಬರುತ್ತದೆ. ಬೇಟೆಗಾರನಿಂದ ಅಷ್ಟರಮಟ್ಟಿಗೆ ರಕ್ಷಣೆ ಸಿಕ್ಕಿದರೆ ಸಂತೋಷ. ಮಳೆ ಬಿದ್ದ ಕಡೆಗೆ ನಡೆಯುವುದೇ ಈ ಸೀಮೆಯ ಜೀವಗಳ ಬದುಕಿನ ದಾರಿಯಾಗಿರುವಾಗ, ಎತ್ತು, ಕುರಿ, ತೋಳ, ಜಿಂಕೆ ಯಾವುದಕ್ಕೂ ಗೋಡೆ ಪರಿಹಾರವಾಗಲಾರದು. ಒಳಗಿರುವ ಸಂಸ್ಥೆಗಳು ತಮ್ಮ ಆವರಣದ ಹುಲ್ಲನ್ನು ಉಳಿಸಿಕೊಂಡು, ಗಿಡ ನೆಡುವ ಉತ್ಸಾಹವನ್ನು ತಡೆದು, ಕಿಲಾರಿಗಳಿಗೆ ಋತುಮಾನದ ದಾರಿ ಬಿಟ್ಟುಕೊಡಬಹುದು. ಅದಕ್ಕೆ ಬೇಕಾದ ವಿಜ್ಞಾನ ಅವರಲ್ಲೇ ಇದೆ.

ಹೊರಗಿನ ಕಾವಲುಗಳ ಕಷ್ಟ ಬೇರೆ. ಬಳ್ಳಾರಿ ಜಾಲಿ ಹಬ್ಬಿ ಹುಲ್ಲನ್ನು ಕೊಲ್ಲುತ್ತಿದೆ. ಗಾಳಿಯಂತ್ರ, ಸೌರ ಫಲಕ, ಅವುಗಳ ತಂತಿ ವರ್ಷವರ್ಷ ಹೆಚ್ಚುತ್ತಿವೆ. ನೆರೆಯ ಪಾವಗಡದಲ್ಲೇ ಹದಿಮೂರು ಸಾವಿರ ಎಕರೆಯ ಸೌರ ಪಾರ್ಕ್ ಇದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಕೇಂದ್ರದ 2023-24ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಫ್ಲೋರೈಡ್ ನೀರು ಕುಡಿದ, ಸಾವಿರ ಅಡಿ ಕೊರೆದು ಬರಿಗೈಲಿ ನಿಂತ ಜನಕ್ಕೆ ಆ ನೀರು ಬರಲೇಬೇಕು, ಬೇಗ ಬರಬೇಕು. ಕಾಲುವೆ ಬಂದ ದಿನ ಅಕ್ಕಪಕ್ಕದ ಕಾವಲಿನ ಎಕರೆ ಬೆಲೆ ಏರುತ್ತದೆ. ಅದಕ್ಕೆ ಮೊದಲೇ ಉಳಿದ ಕಾವಲುಗಳನ್ನು ಅಳೆದು, ಗಡಿ ಕಲ್ಲು ನೆಟ್ಟು, ಹುಲ್ಲುಗಾವಲು ಎಂಬ ಹೆಸರಿನಲ್ಲೇ ದಾಖಲಿಸಬೇಕು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಕರ್ನಾಟಕ ಅದನ್ನು ಆಚರಿಸುವುದಾದರೆ ಇದಕ್ಕಿಂತ ಯೋಗ್ಯವಾದ ಕೆಲಸ ಬೇರೊಂದಿಲ್ಲ.

ಪ್ರಾಣಿಗಳನ್ನು ಕಾಯುವ ಮಾತು ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳುವುದು, ನಿಜ ನುಡಿಯುವುದು, ಇವುಗಳ ಜೊತೆಗೇ ಪ್ರಾಣಿಗಳ ವಿಷಯದಲ್ಲಿ ದಯೆ ಬಿಡದಿರುವುದನ್ನೂ ಆ ಶಾಸನ ಧರ್ಮವೆಂದು ಎಣಿಸುತ್ತದೆ. ಜಟಿಂಗ ರಾಮೇಶ್ವರ ಜಟಾಯು ಬಿದ್ದ ಬೆಟ್ಟವೆಂದು ಜನ ನಂಬುತ್ತಾರೆ. ಒಂದು ಹಕ್ಕಿಗೆ ಬೆಟ್ಟದ ತುದಿಯಲ್ಲಿ ಗುಡಿಯಿರುವ ತಾಲ್ಲೂಕು ಇದು.

ಕಾವಲನ್ನು ಉಳಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೆಯ ಸೆಕ್ಷನ್ ಮೇಯಿಸುವ ಹಕ್ಕನ್ನೂ, ಅಲೆಮಾರಿ ಪಶುಪಾಲಕರ ಋತುಮಾನದ ಪ್ರವೇಶವನ್ನೂ ಸಮುದಾಯದ ಹಕ್ಕೆಂದು ಹೆಸರಿಸಿದೆ. ಕಾವಲು ಅರಣ್ಯವೇ ಅಲ್ಲವೇ ಎಂಬ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ, ಅದನ್ನು ಸರ್ಕಾರ ಕಾವಲಿನ ಪರವಾಗಿ ತೀರ್ಮಾನಿಸಬೇಕು. ಇನ್ನೊಂದು ತೊಡಕು ಹಟ್ಟಿಗಳ ನಡುವಿನದು. ಮ್ಯಾಸಬೇಡರು ನಾಯಕ ಸಮುದಾಯದವರಾಗಿ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಕಾಡುಗೊಲ್ಲರನ್ನು ಸೇರಿಸಲು ರಾಜ್ಯ ಶಿಫಾರಸು ಮಾಡಿದ್ದರೂ ಅವರು ಕೇಂದ್ರದ ಪಟ್ಟಿಯ ಹೊರಗೇ ಇದ್ದಾರೆ. ಹಾಗಾಗಿ ಒಂದೇ ಕಾವಲಿನಲ್ಲಿ ಮೇಯಿಸಿದ ಎರಡು ಹಟ್ಟಿಗಳಲ್ಲಿ ಕಾಡುಗೊಲ್ಲರದು ಮಾತ್ರ, 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ ತಾನು ಅಲ್ಲಿದ್ದೆನೆಂದು ರುಜುವಾತು ಮಾಡಬೇಕು. ಅದಕ್ಕೆ ಪಹಣಿಯೇ ಬೇಕೆಂದಿಲ್ಲ. ಹಿರಿಯರ ಹೇಳಿಕೆ, ಹಳೆಯ ಬಾವಿ, ಸಮಾಧಿ, ಪವಿತ್ರ ಸ್ಥಳ, ರೂಢಿಯ ಗೋಮಾಳ ಇವನ್ನೂ ಸಾಕ್ಷ್ಯವೆಂದು ಒಪ್ಪಬೇಕೆಂದು ಆ ಕಾಯ್ದೆಯ ನಿಯಮಗಳೇ ಹೇಳುತ್ತವೆ. ಮಣ್ಣು ಮಾಡಿದ ಎತ್ತುಗಳ ಸಾಲು, ಕ್ಯಾತಪ್ಪನ ಪರಿಷೆಯ ಜಾಗ, ರೊಪ್ಪಗಳ ಹಳೆಯ ಅಡಿಪಾಯ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಅವನ್ನು ಗುರುತಿಸಿ, ನಕ್ಷೆಗೆ ಹಾಕಿ, ನೆನಪಿರುವ ಅಜ್ಜ-ಅಜ್ಜಿಯರ ಬಾಯಿಂದ ಬರೆಸಿಕೊಂಡು ಗ್ರಾಮಸಭೆಯ ಮುಂದಿಡುವ ಕೆಲಸವನ್ನು ಹಟ್ಟಿಯ ಓದಿದ ಹುಡುಗ-ಹುಡುಗಿಯರು ಈ ಬೇಸಿಗೆಯಲ್ಲೇ ಶುರು ಮಾಡಬಹುದು.